ಮನೆಯಲ್ಲಿ ತರಕಾರಿ ಉಪ್ಪಿನಕಾಯಿ: ಕೈ ಅಳತೆಯಿಂದ ತಕ್ಕಡಿಯ ಅಳತೆಗೆ

(ಉಪನ್ಯಾಸದ ಪಾಠ)



ಚಳಿಗಾಲ ಬಂತೆಂದರೆ ಕಲಬುರಗಿಯ ಕಾಯಿಪಲ್ಯೆ ಪೇಟೆಯಲ್ಲಿ ಹೂಕೋಸು, ಗಜ್ಜರಿ, ಮೂಲಂಗಿ, ಹಸಿಮೆಣಸಿನಕಾಯಿಗಳ ರಾಶಿ ಬೀಳುತ್ತದೆ. ಎಲ್ಲರ ಹೊಲದ ಮಾಲು ಒಂದೇ ಸಲ ಬಂದಾಗ ಧಾರಣೆ ಇಳಿಯುತ್ತದೆ. ಕೆಲವೊಮ್ಮೆ ಕಿತ್ತು ಸಾಗಿಸಿದ ಖರ್ಚು ಸಹ ಹುಟ್ಟುವುದಿಲ್ಲ. ಅದೇ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟಿ ಬಾವಿಗಳು ತಳ ಕಂಡಾಗ, ಕಾಯಿಪಲ್ಯೆ ದುಬಾರಿಯಾಗುತ್ತದೆ. ಆಗ ಜೋಳದ ರೊಟ್ಟಿಗೆ ಹಚ್ಚಿಕೊಳ್ಳಲು ಒದಗುವುದು ಭರಣಿಯಲ್ಲಿರುವ ಉಪ್ಪಿನಕಾಯಿ. ಅಗ್ಗದ ಕಾಲದ ತರಕಾರಿಯನ್ನು ತುಟ್ಟಿಯ ಕಾಲಕ್ಕೆ ಕಾಯ್ದಿಡುವ, ವಿದ್ಯುತ್ ಬೇಡದ ಉಗ್ರಾಣ ಅದು.

ಆದರೆ ಈ ಉಗ್ರಾಣ ಇತ್ತೀಚೆಗೆ ಅನೇಕ ಮನೆಗಳಲ್ಲಿ ಕೈಕೊಡುತ್ತಿದೆ. ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿದೆ. ಆ ಭಾಗದ ಹಳ್ಳಿಗಳಲ್ಲಿ ಹೊಲ ಇಟ್ಟುಕೊಂಡು, ಮಕ್ಕಳ ಓದು ಅಥವಾ ನೌಕರಿಯ ಸಲುವಾಗಿ ನಗರದ ಜೇವರ್ಗಿ ಕಾಲೋನಿಯಂಥ ಬಡಾವಣೆಗಳಲ್ಲಿ ಮನೆ ಮಾಡಿದ ಕುಟುಂಬಗಳುಂಟು. ಊರಿಂದ ಚೀಲ ತುಂಬ ತರಕಾರಿ ಬರುತ್ತದೆ. ಅತ್ತೆ ಹೇಳಿದ ಹಾಗೆಯೇ ಸೊಸೆ ಉಪ್ಪಿನಕಾಯಿ ಹಾಕುತ್ತಾಳೆ. ಆದರೂ ಮೂರು ವಾರದಲ್ಲಿ ಬೂಷ್ಟು ಹಿಡಿದು ಭರಣಿಯಷ್ಟೂ ತಿಪ್ಪೆ ಸೇರುತ್ತದೆ. "ನನ್ನ ಕೈಗುಣ ಸರಿಯಿಲ್ಲ" ಎಂದು ಸೊಸೆ ಮುಂದಿನ ವರ್ಷದಿಂದ ಅಂಗಡಿಯ ಬಾಟಲಿ ತರುತ್ತಾಳೆ. ಇಲ್ಲಿ ತಪ್ಪಿದ್ದು ಕೈಗುಣವಲ್ಲ, ಅಳತೆ.

ಅಳತೆ ಎಲ್ಲಿ ತಪ್ಪಿತು?

ಹಿರಿಯರು ಉಪ್ಪನ್ನು ಹಿಡಿಯಿಂದ, ಪಾವಿನಿಂದ ಅಳೆಯುತ್ತಿದ್ದರು. ಆ ಹಿಡಿ ಹರಳುಪ್ಪಿನ ಹಿಡಿ. ಹರಳುಗಳ ನಡುವೆ ಗಾಳಿ ಇರುವುದರಿಂದ ಅದರ ತೂಕ ಕಡಿಮೆ. ಅದೇ ಹಿಡಿಯಲ್ಲಿ ಪುಡಿಯುಪ್ಪು ತೆಗೆದುಕೊಂಡರೆ ತೂಕ ಹೆಚ್ಚು. ಮೊದಲ ವರ್ಷ ಉಪ್ಪಿನಕಾಯಿ ಕಡು ಉಪ್ಪಾಗುತ್ತದೆ. ಮರುವರ್ಷ ಅಂದಾಜಿನ ಮೇಲೆ ಉಪ್ಪು ಕಡಿಮೆ ಮಾಡಲಾಗುತ್ತದೆ, ಆಗ ಕೆಡುತ್ತದೆ. ಎರಡನೆಯದಾಗಿ, ಹಳ್ಳಿಯ ಅಂಗಳದಲ್ಲಿ ದಿನವಿಡೀ ಬಿಸಿಲು ಬೀಳುತ್ತದೆ. ಬಡಾವಣೆಯ ಮನೆಯಲ್ಲಿ ಕಿಟಕಿಯ ಹತ್ತಿರ ಎರಡು ತಾಸು ಬಿಸಿಲು ಸಿಕ್ಕರೆ ಹೆಚ್ಚು, ಹೋಳಿನ ಮೇಲಿನ ಪಸೆ ಆರುವುದಿಲ್ಲ. ಮೂರನೆಯದಾಗಿ, ರಕ್ತದೊತ್ತಡದ ಭಯದಿಂದ ಉಪ್ಪನ್ನೂ ಎಣ್ಣೆಯನ್ನೂ ಕಡಿಮೆ ಹಾಕುವ ರೂಢಿ ಬಂದಿದೆ. ಈ ಮೂರೂ ಕಾರಣ ಕೂಡಿದಾಗ ಭರಣಿ ಉಳಿಯಲಾರದು.

ಉಪ್ಪಿನಕಾಯಿ ಕೆಡದಿರುವುದು ಏಕೆ?

ತರಕಾರಿಯನ್ನು ಕೆಡಿಸುವ ಸೂಕ್ಷ್ಮಜೀವಿಗಳಿಗೆ ನೀರು ಬೇಕು. ಉಪ್ಪು ಹೋಳಿನೊಳಗಿನ ನೀರನ್ನು ಹೊರಗೆಳೆದು, ಆ ನೀರನ್ನು ಅವುಗಳಿಗೆ ಸಿಗದಂತೆ ಹಿಡಿದಿಡುತ್ತದೆ. ಬಿಸಿಲು ಮೊದಲೇ ನೀರನ್ನು ತಗ್ಗಿಸುತ್ತದೆ. ಹುಳಿಯು ಉಳಿದವುಗಳನ್ನು ತಡೆಯುತ್ತದೆ. ಮಣ್ಣು ಪರೀಕ್ಷೆಯ ವರದಿಯಲ್ಲಿ 'ರಸಸಾರ' ಎಂಬ ಅಂಕಿಯನ್ನು ರೈತರು ನೋಡಿರುತ್ತಾರೆ. ಈ ಭಾಗದ ಕಪ್ಪು ಮಣ್ಣಿನಲ್ಲಿ ಅದು 8ರ ಆಸುಪಾಸಿನಲ್ಲಿರುವುದು ಸಾಮಾನ್ಯ. ಗಜ್ಜರಿ, ಹೂಕೋಸುಗಳ ರಸಸಾರ 6ರ ಹತ್ತಿರ. ಉಪ್ಪಿನಕಾಯಿಯಲ್ಲಿ ಇದು 4.6ಕ್ಕಿಂತ ಕೆಳಗಿರಬೇಕು. ಅದಕ್ಕಿಂತ ಕೆಳಗೆ ಪ್ರಾಣಾಪಾಯ ತರುವ ಬಾಟುಲಿಸಂ ವಿಷದ ರೋಗಾಣು ಬೆಳೆಯಲಾರದು.

ಎಣ್ಣೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಮೇಲೆ ನಿಂತ ಎಣ್ಣೆ ಗಾಳಿಯನ್ನು ತಡೆದು ಬೂಷ್ಟು ಬಾರದಂತೆ ಮಾಡುತ್ತದೆ, ನಿಜ. ಆದರೆ ಮೇಲೆ ಹೇಳಿದ ರೋಗಾಣು ಗಾಳಿ ಇಲ್ಲದೆಡೆಯಲ್ಲೇ ಬೆಳೆಯುವಂಥದು. ಆದ್ದರಿಂದ ಉಪ್ಪು ಮತ್ತು ಹುಳಿ ಸಾಲದಿದ್ದರೆ ಎಷ್ಟು ಎಣ್ಣೆ ಸುರಿದರೂ ರಕ್ಷಣೆ ಇಲ್ಲ. ತರಕಾರಿಗೆ ಮಾವಿನಕಾಯಿಯ ಹಾಗೆ ಸ್ವಂತ ಹುಳಿ ಇಲ್ಲ. ಹುಳಿಯನ್ನು ನಿಂಬೆ ರಸದಿಂದ ಸೇರಿಸಬೇಕು, ಇಲ್ಲವೇ ಉಪ್ಪುನೀರಿನಲ್ಲಿ ಹುದುಗು ಬರಿಸಿ ಪಡೆಯಬೇಕು.

ತರಕಾರಿಯ ಆಯ್ಕೆ

ಒಳ್ಳೆಯ ಉಪ್ಪಿನಕಾಯಿ ಹೊಲದಲ್ಲೇ ಆರಂಭವಾಗುತ್ತದೆ. ಗಜ್ಜರಿ ಮತ್ತು ಮೂಲಂಗಿ ಎಳೆಯವಾಗಿರಬೇಕು, ನಡುವೆ ನಾರು ಕಟ್ಟಿರಬಾರದು. ಹೂಕೋಸಿನ ಗಡ್ಡೆ ಬಿಗಿಯಾಗಿರಬೇಕು. ಮೆಣಸಿನಕಾಯಿ ದಪ್ಪ ಸಿಪ್ಪೆಯದಾಗಿರಬೇಕು. ಬೆಳಗಿನ ತಂಪಿನಲ್ಲಿ ಕೊಯ್ದು, ಸಾಧ್ಯವಾದರೆ ಅದೇ ದಿನ ಹಾಕಬೇಕು. ಕೀಟನಾಶಕ ಸಿಂಪಡಿಸಿದ್ದರೆ, ಎಷ್ಟು ದಿನ ಕೊಯ್ಯಬಾರದೆಂದು ಡಬ್ಬಿಯ ಮೇಲೆ ಬರೆದಿರುವ ಅವಧಿ ಮುಗಿದ ಮೇಲೆಯೇ ಕೊಯ್ಯತಕ್ಕದ್ದು. ಹೂಕೋಸನ್ನು ಬಿಡಿಸಿ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಹತ್ತು ನಿಮಿಷ ಇಟ್ಟರೆ ಒಳಗಿನ ಹುಳು ಹೊರಬರುತ್ತವೆ. ಕೊಳೆತ ಒಂದು ತುಂಡು ಇಡೀ ಭರಣಿಯನ್ನು ಕೆಡಿಸಬಲ್ಲದು.

ಮೊದಲನೆಯ ವಿಧಾನ: ನಿಂಬೆ ರಸ ಮತ್ತು ಎಣ್ಣೆಯಲ್ಲಿ

ಬೇಕಾಗುವ ಸಾಮಗ್ರಿ: ಹೆಚ್ಚಿದ ತರಕಾರಿ 1 ಕಿ.ಗ್ರಾಂ (ಗಜ್ಜರಿ 400 ಗ್ರಾಂ, ಹೂಕೋಸು 300 ಗ್ರಾಂ, ಮೂಲಂಗಿ 200 ಗ್ರಾಂ, ಹಸಿಮೆಣಸಿನಕಾಯಿ 100 ಗ್ರಾಂ), ಉಪ್ಪು 150 ಗ್ರಾಂ, ನಿಂಬೆ ರಸ 250 ಮಿ.ಲೀ., ಸಾಸಿವೆ ಪುಡಿ 75 ಗ್ರಾಂ, ಕೆಂಪು ಖಾರದ ಪುಡಿ 60 ಗ್ರಾಂ, ಹುರಿದ ಮೆಂತ್ಯದ ಪುಡಿ 10 ಗ್ರಾಂ, ಅರಿಶಿನ 10 ಗ್ರಾಂ, ಇಂಗು ಸ್ವಲ್ಪ, ಎಣ್ಣೆ 250 ರಿಂದ 300 ಮಿ.ಲೀ.

ತರಕಾರಿಯನ್ನು ಇಡಿಯಾಗಿ ತೊಳೆದು, ನೀರು ಸೋರಿಸಿ, ಬಟ್ಟೆಯಿಂದ ಒರೆಸಿದ ಮೇಲೆಯೇ ಹೆಚ್ಚಬೇಕು. ಹೆಚ್ಚಿದ ಮೇಲೆ ತೊಳೆದರೆ ಹೋಳು ನೀರು ಹೀರುತ್ತದೆ. ಹೋಳುಗಳನ್ನು ತೆಳುವಾಗಿ ಬಟ್ಟೆಯ ಮೇಲೆ ಹರವಿ 3-4 ತಾಸು ಒಳ್ಳೆಯ ಬಿಸಿಲಿನಲ್ಲಿ ಒಣಗಿಸಬೇಕು. ಗಜ್ಜರಿಯ ಹೋಳು ಮುರಿಯದೆ ಸ್ವಲ್ಪ ಬಾಗಿದರೆ ಹದ ಬಂದಂತೆ. ಬಿಸಿಲು ಸಾಲದ ಮನೆಗಳಲ್ಲಿ ಫ್ಯಾನಿನ ಗಾಳಿಗೆ ರಾತ್ರಿಯಿಡೀ ಹರವಿದರೂ ನಡೆಯುತ್ತದೆ.

ಬಳಿಕ ಉಪ್ಪು ಮತ್ತು ಅರಿಶಿನ ಕಲಸಿ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಮೂರು ದಿನ ಇಡಬೇಕು. ದಿನಕ್ಕೊಮ್ಮೆ ಒಣ ಮರದ ಸೌಟಿನಿಂದ ಕೈಯಾಡಿಸಬೇಕು. ಬಿಟ್ಟ ನೀರನ್ನು ಚೆಲ್ಲಬಾರದು, ಹಾಕಿದ ಉಪ್ಪು ಅದರಲ್ಲೂ ಇರುತ್ತದೆ. ನಾಲ್ಕನೆಯ ದಿನ ಮಸಾಲೆ ಪುಡಿಗಳನ್ನೂ ನಿಂಬೆ ರಸವನ್ನೂ ಬೆರೆಸಬೇಕು. ಎಣ್ಣೆಯನ್ನು ಚೆನ್ನಾಗಿ ಕಾಯಿಸಿ, ಪೂರ್ತಿ ಆರಿದ ಮೇಲೆ ಹೋಳು ಮುಳುಗುವಂತೆ ಸುರಿಯಬೇಕು. ಎರಡು ವಾರದಲ್ಲಿ ಉಪ್ಪಿನಕಾಯಿ ಹದಕ್ಕೆ ಬರುತ್ತದೆ.

ಎಣ್ಣೆಯ ಆಯ್ಕೆಯೂ ಮುಖ್ಯ. ಈ ಭಾಗದ ಕುಸುಬೆ ಎಣ್ಣೆ ಅಡುಗೆಗೆ ಉತ್ತಮ. ಆದರೆ ಸಾಮಾನ್ಯ ತಳಿಗಳ ಕುಸುಬೆ ಎಣ್ಣೆ ಗಾಳಿ ತಾಗಿದರೆ ಬೇಗ ಕಮಟು ವಾಸನೆ ಹಿಡಿಯುತ್ತದೆ. ತಿಂಗಳುಗಟ್ಟಲೆ ಇಡುವ ಉಪ್ಪಿನಕಾಯಿಗೆ ಎಳ್ಳೆಣ್ಣೆ ಅಥವಾ ಶೇಂಗಾ ಎಣ್ಣೆ ಲೇಸು. ಎಳ್ಳೆಣ್ಣೆಯಲ್ಲಿ ಕಮಟನ್ನು ತಡೆಯುವ ಅಂಶ ಸ್ವಾಭಾವಿಕವಾಗಿಯೇ ಇದೆ.

ಎರಡನೆಯ ವಿಧಾನ: ಉಪ್ಪುನೀರಿನಲ್ಲಿ ಹುಳಿ ಬರಿಸುವುದು

ಎಣ್ಣೆ ಬೇಡವೆನ್ನುವವರಿಗೆ ಇದು ಹಳೆಯ, ಅಗ್ಗದ ವಿಧಾನ. ಒಂದು ಲೀಟರ್ ನೀರಿಗೆ 100 ಗ್ರಾಂ ಉಪ್ಪು ಹಾಕಿ ಕುದಿಸಿ ಆರಿಸಬೇಕು. 1 ಕಿ.ಗ್ರಾಂ ತರಕಾರಿಯನ್ನು ಭರಣಿಗೆ ತುಂಬಿ ಈ ನೀರನ್ನು ಸುರಿಯಬೇಕು. ತರಕಾರಿಯೊಳಗಿನ ನೀರು ಬೆರೆತು ಉಪ್ಪು ಕೊನೆಗೆ ಶೇ. 5ರ ಹತ್ತಿರ ನಿಲ್ಲುತ್ತದೆ. ಈ ಪ್ರಮಾಣದಲ್ಲಿ ಕೊಳೆಸುವ ಜೀವಿಗಳು ಹಿಂದೆ ಬೀಳುತ್ತವೆ. ಮೊಸರು ಹೆಪ್ಪುಗಟ್ಟಿಸುವ ಬಳಗಕ್ಕೆ ಸೇರಿದ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಮುಂದೆ ಬಂದು, ತರಕಾರಿಯ ಸಕ್ಕರೆಯನ್ನು ಹುಳಿಯಾಗಿ ಮಾರ್ಪಡಿಸುತ್ತವೆ.

ಇಲ್ಲಿ ಒಂದೇ ಕಟ್ಟುನಿಟ್ಟು: ತರಕಾರಿ ನೀರಿನ ಮೇಲೆ ತೇಲಬಾರದು. ಹಿರಿಯರು ಮೇಲೆ ತೊಳೆದ ಕಲ್ಲನ್ನು ಹೇರುತ್ತಿದ್ದುದು ಇದಕ್ಕಾಗಿಯೇ. ಪಿಂಗಾಣಿ ತಟ್ಟೆಯಿಟ್ಟು, ಅದರ ಮೇಲೆ ನೀರು ತುಂಬಿದ ಗಾಜಿನ ಲೋಟ ಹೇರಿದರೂ ಸರಿ. ಕೆಲವೇ ದಿನಗಳಲ್ಲಿ ಗುಳ್ಳೆಗಳು ಏಳುತ್ತವೆ. ಈ ಕಾಲದಲ್ಲಿ ಮುಚ್ಚಳವನ್ನು ಬಿಗಿ ಮಾಡಿದರೆ ಗಾಳಿಯ ಒತ್ತಡದಿಂದ ಗಾಜು ಒಡೆಯಬಹುದು. ಎರಡು-ಮೂರು ವಾರದಲ್ಲಿ ಚೊಕ್ಕ ಹುಳಿ ಬರುತ್ತದೆ. ಆಮೇಲೆ ತಂಪಾದ ಜಾಗದಲ್ಲಿಟ್ಟು ಒಂದೆರಡು ತಿಂಗಳಲ್ಲಿ ಮುಗಿಸಬೇಕು. ಬೇಸಿಗೆಗೆ ಉಳಿಸಬೇಕಾದರೆ ಮೊದಲನೆಯ ವಿಧಾನವೇ ಸರಿ.

ಎಚ್ಚರಿಕೆಗಳು

ಪಿಂಗಾಣಿ ಭರಣಿ ಅಥವಾ ಗಾಜಿನ ಜಾಡಿಯನ್ನೇ ಬಳಸಬೇಕು. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳನ್ನು ಹುಳಿಯು ಕೊರೆಯುತ್ತದೆ. "ಒದ್ದೆ ಕೈ ಹಾಕಬೇಡ" ಎಂಬ ಅಜ್ಜಿಯ ಗದರಿಕೆ ಅರ್ಥವಿಲ್ಲದ್ದಲ್ಲ. ಒಂದು ಹನಿ ನೀರು ಬಿದ್ದ ಜಾಗದಲ್ಲಿ ಉಪ್ಪು ತೆಳುವಾಗಿ ಬೂಷ್ಟಿಗೆ ನೆಲೆ ಸಿಗುತ್ತದೆ. ದಿನಬಳಕೆಗೆ ಸಣ್ಣ ಜಾಡಿಗೆ ತೆಗೆದುಕೊಂಡು, ದೊಡ್ಡ ಭರಣಿಯನ್ನು ಪದೇ ಪದೇ ತೆರೆಯದಿರುವುದು ಒಳ್ಳೆಯದು.

ಉಪ್ಪುನೀರಿನ ಮೇಲೆ ತೆಳ್ಳನೆಯ ಬಿಳಿ ಕೆನೆ ಬಂದರೆ ತೆಗೆದುಹಾಕಿ, ತರಕಾರಿಯನ್ನು ಮುಳುಗಿಸಿಟ್ಟರೆ ಸಾಕು. ಕಪ್ಪು, ಹಸಿರು ಅಥವಾ ಕೂದಲಿನಂಥ ಬೂಷ್ಟು ಬಂದರೆ, ಹೋಳು ಲೋಳೆಯಾದರೆ, ಕೊಳೆತ ವಾಸನೆ ಬಂದರೆ ಭರಣಿಯಷ್ಟನ್ನೂ ಚೆಲ್ಲಬೇಕು. ಮೇಲಿನದನ್ನು ತೆಗೆದು ಕೆಳಗಿನದನ್ನು ತಿನ್ನುವ ಉಳಿತಾಯ ಬೇಡ. ಬಾಟುಲಿಸಂ ವಿಷವಾದರೋ ಬಣ್ಣ, ವಾಸನೆಗಳಿಂದ ಗೊತ್ತಾಗದು. ಆದ್ದರಿಂದ ಅಳತೆಯಲ್ಲಿ ರಾಜಿ ಸಲ್ಲದು. ಸಂಶಯವಿದ್ದರೆ ರಸಸಾರ ಕಾಗದದ ಪಟ್ಟಿಯನ್ನು ರಸಕ್ಕೆ ಅದ್ದಿ ನೋಡಬಹುದು. ಅರಿಶಿನವಿದ್ದ ರಸದಲ್ಲಿ ಪಟ್ಟಿಯ ಬಣ್ಣ ತಪ್ಪಾಗಿ ಕಾಣಬಹುದಾದ್ದರಿಂದ ಉಪ್ಪುನೀರಿನ ವಿಧಾನಕ್ಕೇ ಇದು ಹೊಂದುತ್ತದೆ.

ರಕ್ತದೊತ್ತಡವಿರುವವರ ಚಿಂತೆಯೂ ನ್ಯಾಯವಾದುದೇ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು. ಮೊದಲನೆಯ ವಿಧಾನದ ಉಪ್ಪಿನಕಾಯಿಯಲ್ಲಿ ಉಪ್ಪು ಶೇ. 9ರ ಹತ್ತಿರ ಇರುವುದರಿಂದ, 15 ಗ್ರಾಂ ಉಪ್ಪಿನಕಾಯಿಯಲ್ಲಿ ಒಂದೂಕಾಲು ಗ್ರಾಂಗಿಂತ ಹೆಚ್ಚು ಉಪ್ಪು ಹೊಟ್ಟೆ ಸೇರುತ್ತದೆ. ಆದ್ದರಿಂದ ಕಡಿಮೆ ಮಾಡಬೇಕಾದುದು ತಾಟಿಗೆ ಬಡಿಸುವ ಉಪ್ಪಿನಕಾಯಿಯನ್ನು, ಭರಣಿಗೆ ಹಾಕುವ ಉಪ್ಪನ್ನಲ್ಲ.

ಕೊನೆಯ ಮಾತು

ಮಾರಾಟಕ್ಕಾಗಿ ಮಾಡುವವರು ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿ ಮಾಡಿಸಿ, ಅದರ ಮಟ್ಟಗಳನ್ನು ಪಾಲಿಸಬೇಕಾಗುತ್ತದೆ. ಈ ಬಗ್ಗೆ ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನು ವಿಚಾರಿಸಬಹುದು. ಮನೆಮಟ್ಟಿಗೆ ಮಾಡುವವರಿಗೆ ಬೇಕಾದುದು ಒಂದು ಚಿಕ್ಕ ತಕ್ಕಡಿ ಮತ್ತು ಒಂದು ವಹಿ.

ಊರಿನ ಮನೆಯಲ್ಲಿ ಅತ್ತೆಯೋ ಅಜ್ಜಿಯೋ ಈ ವರ್ಷ ಉಪ್ಪಿನಕಾಯಿ ಹಾಕುವಾಗ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಅವರು ಒಂದು ಹಿಡಿ ಉಪ್ಪು ತೆಗೆದಾಗ, ಭರಣಿಗೆ ಬೀಳುವ ಮೊದಲು ಆ ಹಿಡಿಯನ್ನು ತಕ್ಕಡಿಗೆ ಹಾಕಿಸಿರಿ. ತರಕಾರಿಯ ತೂಕ, ಉಪ್ಪಿನ ತೂಕ, ನಿಂಬೆಯ ಎಣಿಕೆ, ಬಿಸಿಲಿನ ತಾಸು ಎಲ್ಲವನ್ನೂ ವಹಿಯಲ್ಲಿ ಬರೆದಿಡಿರಿ. ಅವರ ಕೈ ಐವತ್ತು ವರ್ಷ ಕಲಿತುದು ಒಂದು ಪುಟದಲ್ಲಿ ಹಿಡಿಯುತ್ತದೆ. ಆ ಪುಟ ಬರೆಯದೆ ಹೋದರೆ ಅವರೊಂದಿಗೇ ಹೋಗಿಬಿಡುತ್ತದೆ. ಬರೆದರೆ ಕಮಲಾಪುರದ ಅಂಗಳದ ಭರಣಿ ಜೇವರ್ಗಿ ಕಾಲೋನಿಯ ಅಡುಗೆಮನೆಯಲ್ಲಿಯೂ ಕೆಡದೆ ಬೇಸಿಗೆ ಕಾಣುತ್ತದೆ.