ಜನರೇಟರಿಗೂ ಒಂದು ಮಿತಿ ಇದೆ
(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಮಳೆಗಾಲದಲ್ಲಿ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳ್ಳಿಗಳಲ್ಲಿ ಒಂದು ಮರ ತಂತಿಯ ಮೇಲೆ ಬಿದ್ದರೆ ಸಾಕು, ಊರಿಗೆ ಊರೇ ಕತ್ತಲು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಕಡೆ ನೆರೆ ಬಂದು ಗುಡ್ಡ ಕುಸಿದುದನ್ನು ನೀವು ಮರೆತಿರಲಾರಿರಿ. ಅಂಥ ದಿನಗಳಿಗೆ ಇರಲೆಂದು ಈಗ ಹಲವರು ಸಣ್ಣ ಪೆಟ್ರೋಲ್ ಜನರೇಟರು ಕೊಂಡಿದ್ದಾರೆ. ಒಳ್ಳೆಯದೇ. ಆದರೆ ಅದರ ಮಿತಿಯನ್ನು ಅರಿಯದಿದ್ದರೆ ಬೆಳಕು ಕೊಡುವ ಯಂತ್ರವೇ ಜೀವ ತೆಗೆದೀತು. ನಾನು ಇಂಜಿನಿಯರನಲ್ಲ, ಕೃಷಿ ಡಿಪ್ಲೊಮಾ ಓದಿದ ಗ್ರಾಮಸೇವಕ. ತಿಳಿದ ಮೂರು ಮಾತು ಹೇಳುತ್ತೇನೆ.

ಮೊದಲನೆಯದು ಹೊರೆ. ಎತ್ತಿನ ಶಕ್ತಿ ನೋಡಿ ಗಾಡಿ ಹೇರುವುದು ಹಿರಿಯರ ಕ್ರಮ. ಜನರೇಟರಿಗೂ ಅದೇ ನ್ಯಾಯ. 2 ಕೆ.ವಿ.ಎ. ಯಂತ್ರದಿಂದ ಸಾಮಾನ್ಯವಾಗಿ ಸಿಗುವುದು ಸುಮಾರು 1,600 ವ್ಯಾಟ್. ಫಲಕದಲ್ಲಿ ಎರಡು ಅಂಕೆ ಇದ್ದರೆ ಚಿಕ್ಕದನ್ನೇ ನಂಬಿರಿ. ದೊಡ್ಡದು ತುಸು ಹೊತ್ತಿನ ಮಟ್ಟಿಗೆ ಮಾತ್ರ. 9 ವ್ಯಾಟಿನ 6 ಬಲ್ಬುಗಳಿಗೆ 54, 75 ವ್ಯಾಟಿನ ಎರಡು ಫ್ಯಾನಿಗೆ 150, ಫ್ರಿಜ್ಜಿಗೆ ಸುಮಾರು 150. ಒಟ್ಟು 354 ವ್ಯಾಟ್. ಇಷ್ಟು ಸಲೀಸು. ಆದರೆ 2,000 ವ್ಯಾಟಿನ ಗೀಸರೋ ಕರೆಂಟಿನ ಒಲೆಯೋ ಒಂದೇ ಆದರೂ ಅದಕ್ಕೆ ಭಾರ.

ಪಂಪಿನ ವಿಷಯದಲ್ಲಿ ಹಲವರು ಮೋಸಹೋಗುತ್ತಾರೆ. 1 ಎಚ್.ಪಿ. ಎಂದರೆ 746 ವ್ಯಾಟ್ ತಾನೆ, ನಡೆದೀತು ಎಂದು ಎಣಿಸುತ್ತಾರೆ. ಅಷ್ಟು ಕೆಲಸ ಮಾಡಲು ಪಂಪು ಸಾವಿರ ವ್ಯಾಟಿಗೂ ಮಿಕ್ಕಿ ಎಳೆಯುತ್ತದೆ. ಚಾಲೂ ಆಗುವ ಕ್ಷಣದಲ್ಲಂತೂ ಅದರ ಮೂರು ಪಾಲೋ ಇನ್ನೂ ಹೆಚ್ಚೋ ಬೇಕು. ಶಕ್ತಿ ಸಾಲದಿದ್ದರೆ ಮೋಟಾರು ತಿರುಗದೆ ಗುಂಯ್‌ಗುಡುತ್ತ ಬಿಸಿಯಾಗಿ ಸುಡುತ್ತದೆ. ಆದುದರಿಂದ ಕೊಳ್ಳುವ ಮೊದಲೇ ಲೆಕ್ಕ ಹಾಕಿರಿ. ಯಂತ್ರವನ್ನು ಹೊರೆಯಿಲ್ಲದೆ ಚಾಲೂ ಮಾಡಿ, ಮೊದಲು ದೊಡ್ಡ ಮೋಟಾರು, ಆಮೇಲೆ ಉಳಿದವು ಒಂದೊಂದಾಗಿ.

ಎರಡನೆಯದು ಹೊಗೆ. ಒಂದು ಮಳೆಗಾಲದ ರಾತ್ರಿ ನಾನೇ ತಪ್ಪು ಮಾಡಿದೆ. ಯಂತ್ರ ನೆನೆಯಬಾರದೆಂದು ಜಗಲಿಯ ಮೂಲೆಯಲ್ಲಿ, ಅಮ್ಮ ಮಲಗುವ ಕೋಣೆಯ ಕಿಟಕಿಯ ಪಕ್ಕದಲ್ಲೇ ಇಟ್ಟೆ. ಸ್ವಲ್ಪ ಹೊತ್ತಿನಲ್ಲಿ ಅಮ್ಮ, "ತಲೆ ಸಿಡಿಯುತ್ತದೆ ಮಗಾ, ವಾಕರಿಕೆ ಬರುತ್ತದೆ" ಎಂದು ಎದ್ದು ಬಂದರು. ಯಂತ್ರ ನಿಲ್ಲಿಸಿ ಅವರನ್ನು ಬಯಲಿಗೆ ಕರೆತಂದೆ. ಅವರಿಗೆ ನಿದ್ದೆ ಹತ್ತಿದ್ದರೆ ಏನಾಗುತ್ತಿತ್ತೋ ಎಂದು ನೆನೆದರೆ ಇಂದಿಗೂ ಮೈ ನಡುಗುತ್ತದೆ.

ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿಯುತ್ತದೆ. ಮಲಗಿದವರು ಏಳುವುದೇ ಇಲ್ಲ. ಚಾವಡಿ, ಜಗಲಿ, ಕೊಟ್ಟಿಗೆ, ಬಾಗಿಲು ತೆರೆದ ಶೆಡ್ಡು, ಯಾವುದೂ ತಕ್ಕ ಜಾಗವಲ್ಲ. ಮನೆಯಿಂದ 20 ಅಡಿಯಾದರೂ ದೂರ, ಎತ್ತರದ ಒಣ ನೆಲದಲ್ಲಿ, ನಾಲ್ಕು ಕಂಬದ ಮೇಲೆ ತಗಡು ಹೊದಿಸಿ, ಗೋಡೆಯಿಲ್ಲದ ಮಾಡಿನಡಿ ಇಡಿರಿ. ಹೊಗೆಕೊಳವೆ ಮನೆಗೆ ಬೆನ್ನು ಹಾಕಿರಲಿ. ತಲೆನೋವು, ತಲೆಸುತ್ತು, ವಾಕರಿಕೆ ಕಂಡರೆ ಕೂಡಲೇ ಬಯಲಿಗೆ ಬಂದು 108ಕ್ಕೆ ಕರೆ ಮಾಡಿರಿ.

ಮೂರನೆಯದು ತಂತಿ. ಜನರೇಟರಿನ ವಯರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಇಡೀ ಮನೆ ಬೆಳಗಿಸುವ ಉಪಾಯವನ್ನು ಖಂಡಿತ ಮಾಡಬಾರದು. ಆ ಕರೆಂಟು ಮೀಟರು ದಾಟಿ ಕಂಬಕ್ಕೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರಿನಲ್ಲಿ ಹಿಂದುಮುಂದಾಗಿ 230 ವೋಲ್ಟು 11,000 ಆಗಬಹುದು. ಲೈನು ಸತ್ತಿದೆಯೆಂದು ನಂಬಿ, ಮಳೆಯಲ್ಲಿ ಕಂಬ ಹತ್ತಿದ ಮೆಸ್ಕಾಂ ಲೈನ್‌ಮ್ಯಾನನ ಗತಿ ಏನು? ಅವನೂ ಒಂದು ತಾಯಿಯ ಮಗ. ಬಲ್ಲ ಎಲೆಕ್ಟ್ರಿಷಿಯನ್ನರಿಂದ ಚೇಂಜ್ ಓವರ್ ಸ್ವಿಚ್ ಹಾಕಿಸಿರಿ. ಇಲ್ಲವಾದರೆ ಬೇಕಾದ ಸಾಮಾನನ್ನು ದಪ್ಪ ವಯರಿನಿಂದ ಯಂತ್ರಕ್ಕೇ ನೇರ ಜೋಡಿಸಿರಿ. ಒದ್ದೆ ಕೈಯಲ್ಲಿ ಮುಟ್ಟಬೇಡಿ. ಯಂತ್ರ ನಿಲ್ಲಿಸಿ, ಆರಿದ ಮೇಲೆಯೇ ಪೆಟ್ರೋಲು ತುಂಬಿರಿ.

ಬಂಧುಗಳೇ, ಒಂದು ರಾತ್ರಿ ಫ್ಯಾನು ತಿರುಗದಿದ್ದರೆ ಬೆಳಗಾಗುವುದು ನಿಲ್ಲದು. ಹೋದ ಜೀವ ಮಾತ್ರ ಮರಳಿ ಬಾರದು. ಇಂದು ಮನೆಗೆ ಹೋದ ಕೂಡಲೇ ನಿಮ್ಮ ಯಂತ್ರದ ಫಲಕ ಓದಿರಿ, ಅದು ಇರುವ ಜಾಗ ನೋಡಿರಿ. ಸಂದೇಹವಿದ್ದರೆ ನನ್ನನ್ನು ಕರೆಯಿರಿ, ಬಂದು ಜೊತೆಯಲ್ಲೇ ಲೆಕ್ಕ ಹಾಕುತ್ತೇನೆ.