ಅಂಬಲಿಯ ಗಡಿಗೆ ಕಲಿಸುವ ಪಾಠ

ಅಥಣಿ ತಾಲ್ಲೂಕಿನ ಐಗಳಿ, ತೆಲಸಂಗ ಭಾಗದ ಹೊಲಗಳಲ್ಲಿ ಬಿಳಿಜೋಳವೂ ಉಂಟು, ದ್ರಾಕ್ಷಿಯೂ ಉಂಟು. ಲೋಕದ ಬೇರೆ ಕಡೆಗಳಲ್ಲಿ ಈ ಎರಡರಿಂದಲೂ ಮದ್ಯ ತಯಾರಾಗುತ್ತದೆ. ಇಲ್ಲಿ ಜೋಳ ರೊಟ್ಟಿ, ಅಂಬಲಿಯಾಗುತ್ತದೆ. ದ್ರಾಕ್ಷಿಯ ಬಹುಪಾಲು ಒಣದ್ರಾಕ್ಷಿಯಾಗುತ್ತದೆ. ಮನೆಯಲ್ಲೇ ನಾಲ್ಕೈದು ಲೀಟರ್ ಬಿಯರ್ ಅಥವಾ ಸೈಡರ್ ತಯಾರಿಸುವ ಹವ್ಯಾಸ ಪಶ್ಚಿಮ ದೇಶಗಳಲ್ಲಿ ಚೆನ್ನಾಗಿ ಬೆಳೆದಿದೆ. ಅದರ ಮರ್ಮವೇನು ಎಂದು ತಿಳಿಯಬಯಸುವವರು ದೂರ ಹೋಗಬೇಕಾಗಿಲ್ಲ. ಅಂಬಲಿಯ ಗಡಿಗೆಯಿಂದಲೇ ಮೊದಲುಮಾಡಬಹುದು.

ಜೋಳದ ಹಿಟ್ಟನ್ನು ನೀರಿನಲ್ಲಿ ಕಲಸಿ ರಾತ್ರಿ ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಹುಳಿ ಬಂದಿರುತ್ತದೆ. ಹಾಲನ್ನು ಮೊಸರು ಮಾಡುವ ಜಾತಿಯ ಬ್ಯಾಕ್ಟೀರಿಯಗಳದೇ ಈ ಕೆಲಸ. ಬೆಳಿಗ್ಗೆ ಅದನ್ನು ಕುದಿಸಿದೊಡನೆ ಅವುಗಳ ಆಟ ನಿಲ್ಲುತ್ತದೆ. ಮಜ್ಜಿಗೆ, ಜೀರಿಗೆ, ಬೆಳ್ಳುಳ್ಳಿ ಬೆರೆಸಿದರೆ ಅಂಬಲಿ ಸಿದ್ಧ. ಮದ್ಯ ತಯಾರಾಗಲು ಬೇರೊಂದು ಜೀವಿ ಬೇಕು, ಅದೇ ಯೀಸ್ಟ್. ಅದು ಸಕ್ಕರೆಯನ್ನು ತಿಂದು ಆಲ್ಕೋಹಾಲನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಆದರೆ ಹಿಟ್ಟಿನಲ್ಲಿರುವುದು ಹೆಚ್ಚಾಗಿ ಪಿಷ್ಟ. ಪಿಷ್ಟವನ್ನು ಬಿಯರಿನ ಯೀಸ್ಟ್ ಮುಟ್ಟುವುದಿಲ್ಲ.

ಇಲ್ಲಿ ಮೊಳಕೆಯ ಸಹಾಯ ಬೇಕಾಗುತ್ತದೆ. ಕಾಳು ಮೊಳೆಯುವಾಗ ತನ್ನ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳನ್ನು ತಾನೇ ಸಿದ್ಧಮಾಡಿಕೊಳ್ಳುತ್ತದೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಅದೇ ಮಾಲ್ಟ್. ಅದನ್ನು ತರಿತರಿಯಾಗಿ ಒಡೆದು, ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆ ಇಟ್ಟರೆ ನೀರು ಸಿಹಿಯಾಗುತ್ತದೆ. ಸೋಸಿದ ಆ ನೀರನ್ನು ಹಾಪ್ಸ್ ಎಂಬ ಕಹಿ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ, ಸುಮಾರು 20 ಡಿಗ್ರಿಯಲ್ಲಿ ಒಂದೆರಡು ವಾರ ಬಿಟ್ಟರೆ ಬಿಯರ್ ಆಗುತ್ತದೆ.

ಜೋಳದಿಂದಲೂ ಇದು ಸಾಧ್ಯ. ಜೋಳದ ತವರು ಆಫ್ರಿಕ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಅದು ಭಾರತಕ್ಕೆ ಬಂದಿತು. ಬುರ್ಕಿನಾ ಫಾಸೊದಲ್ಲಿ ಇಂದಿಗೂ ಹೆಂಗಸರು ಜೋಳದ ಮೊಳಕೆಯಿಂದ ‘ಡೋಲೊ’ ಎಂಬ ಬಿಯರ್ ಕಾಯಿಸಿ ಮಾರುತ್ತಾರೆ. ದಕ್ಷಿಣ ಆಫ್ರಿಕದ ‘ಉಮ್‌ಕೊಂಬೋತಿ’ಯಲ್ಲಿ ಮೊದಲು ಅಂಬಲಿಯಂತೆ ಹುಳಿ, ಆಮೇಲೆ ಯೀಸ್ಟಿನ ಅಮಲು. ಅಂಬಲಿ ನಿಂತ ಜಾಗದಿಂದ ಅದು ಒಂದು ಹೆಜ್ಜೆ ಮುಂದೆ ಹೋಗುತ್ತದೆ, ಅಷ್ಟೆ. ಆದರೆ ಜೋಳದ ಮೊಳಕೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿರುತ್ತದೆ. ಎಳೆಯ ಜೋಳ ಮೇಯ್ದ ದನ ಸಾಯುವುದನ್ನು ಬಲ್ಲ ರೈತರಿಗೆ ಇದು ಹೊಸದಲ್ಲ. ಆದ್ದರಿಂದಲೇ ಮೊಳೆತ ಕಾಳನ್ನು ಒಣಗಿಸಿ, ಮೊಳಕೆ ಬೇರುಗಳನ್ನು ಉಜ್ಜಿ ತೆಗೆದು, ಚೆನ್ನಾಗಿ ಕುದಿಸಬೇಕಾಗುತ್ತದೆ.

ಹಣ್ಣಿನ ಮಾತು ಇನ್ನೂ ಸುಲಭ. ಸೇಬಿನ ರಸ ಹುದುಗಿದರೆ ಸೈಡರ್, ದ್ರಾಕ್ಷಿಯ ರಸ ಹುದುಗಿದರೆ ವೈನ್. ಸಕ್ಕರೆ ಹಣ್ಣಿನಲ್ಲೇ ಇದೆ, ಕಾಡು ಯೀಸ್ಟ್ ತೋಟದಲ್ಲೇ ಇದೆ. ಹಿಂಡಿಟ್ಟ ರಸ ತಾನಾಗಿಯೇ ನೊರೆಯೇಳುತ್ತದೆ. ಒಣದ್ರಾಕ್ಷಿ ಮಾಡುವುದೆಂದರೆ ಈ ಕೆಲಸವನ್ನು ತಡೆಯುವುದೇ. ಶೆಡ್ಡಿನ ಬಲೆಯ ಮೇಲೆ ನಾಲ್ಕು ಕಿಲೋ ಹಸಿದ್ರಾಕ್ಷಿ ಒಣಗಿ ಸುಮಾರು ಒಂದು ಕಿಲೋ ಆಗುವಷ್ಟರಲ್ಲಿ, ಯೀಸ್ಟ್ ಬದುಕಲು ಬೇಕಾದ ನೀರು ಉಳಿದಿರುವುದಿಲ್ಲ. ಮತ್ತೆ ನೀರು ಸಿಕ್ಕರೆ ಅದೇ ಒಣದ್ರಾಕ್ಷಿ ಹುದುಗಬಲ್ಲದು. ಆಯುರ್ವೇದದ ದ್ರಾಕ್ಷಾಸವ ಹುಟ್ಟುವುದು ಹೀಗೆಯೇ.

ಇಷ್ಟೆಲ್ಲ ನಡೆಸುವುದು ಸೂಕ್ಷ್ಮಜೀವಿಗಳೆಂದು ತೋರಿಸಿಕೊಟ್ಟವನು ಲೂಯಿ ಪಾಸ್ತರ್. ಬಿಯರನ್ನು ಕುರಿತ ಅವನ ಗ್ರಂಥ 1876ರಲ್ಲಿ ಹೊರಬಂದಿತು. 1883ರಲ್ಲಿ ಡೆನ್ಮಾರ್ಕಿನ ಎಮಿಲ್ ಹ್ಯಾನ್ಸನ್ ಒಂದೇ ತಳಿಯ ಶುದ್ಧ ಯೀಸ್ಟನ್ನು ಬೆಳೆಸಿದ. ಇಂದಿನ ಹವ್ಯಾಸಿಗೆ ಅವರ ಪಾಠ ಎರಡೇ: ಪಾತ್ರೆ ಸ್ವಚ್ಛವಾಗಿರಬೇಕು, ಬಿಸಿ ಮಿತಿಮೀರಬಾರದು. ಬಯಲುಸೀಮೆಯ ಬೇಸಿಗೆಯಲ್ಲಿ ಎರಡನೆಯದೇ ಕಷ್ಟ. ಹುದುಗು ಮುಗಿಯುವ ಮೊದಲೇ ಬಾಟಲಿಗೆ ತುಂಬಿದರೆ ಒಳಗಿನ ಅನಿಲಕ್ಕೆ ಗಾಜು ಸಿಡಿಯುವ ಅಪಾಯವೂ ಉಂಟು.

ಆದರೆ ಮನೆಯಲ್ಲಿ ಹೀಗೆ ಮಾಡಬಹುದೆ? ಬ್ರಿಟನ್ನಿನಲ್ಲಿ 1963ರಲ್ಲಿ ಮನೆಯ ಬಿಯರಿಗೆ ಪರವಾನಗಿಯ ಕಟ್ಟು ಹೋಯಿತು. ಅಮೆರಿಕದಲ್ಲಿ ಅಧ್ಯಕ್ಷ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾನೂನು ಅದಕ್ಕೆ ದಾರಿಮಾಡಿತು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಈ ಬಿಗಿಯ ಹಿಂದೆ ನೋವಿನ ನೆನಪುಗಳಿವೆ. 1981ರಲ್ಲಿ ಬೆಂಗಳೂರಿನಲ್ಲಿ ಮೀಥೈಲ್ ಆಲ್ಕೋಹಾಲ್ ಬೆರೆತ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಬಡವರು ಸತ್ತರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿಯನ್ನೇ ನಿಷೇಧಿಸಲಾಯಿತು. ಕುಡಿತದಿಂದ ಹಾಳಾದ ಮನೆಗಳ ಹೆಂಗಸರ ಕಣ್ಣೀರನ್ನು ಕಾನೂನು ಮರೆಯುವಂತಿಲ್ಲ.

ಆದರೂ ಹುದುಗಿಸುವುದು ಬೇರೆ, ಭಟ್ಟಿ ಇಳಿಸುವುದು ಬೇರೆ, ವಿಷ ಬೆರೆಸಿ ಮಾರುವುದು ಮತ್ತೂ ಬೇರೆ. ಇಂಥ ಭೇದ ನಮ್ಮ ಹಿಂದಿನವರಿಗೆ ತಿಳಿಯದ್ದಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಪ್ರಕರಣವಿದೆ. ಸುರೆಯ ವ್ಯಾಪಾರ ಅಲ್ಲಿ ಸರ್ಕಾರದ ಬಿಗಿ ಹಿಡಿತದಲ್ಲಿದೆ. ಆದರೆ ಗೃಹಸ್ಥರು ವಿಶೇಷ ಸಂದರ್ಭಗಳಲ್ಲಿ ಬಿಳಿ ಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮಾಡಿಕೊಳ್ಳಬಹುದು. ಉತ್ಸವ, ಜಾತ್ರೆಗಳಿಗೆ ನಾಲ್ಕು ದಿನಗಳ ಸಡಿಲಿಕೆ ಉಂಟು.

ಮಾರುವವನಿಗೂ ಮನೆಮಂದಿಗೂ ನಡುವೆ ಅರ್ಥಶಾಸ್ತ್ರ ಎಳೆದ ಆ ಗೆರೆ ಇಂದಿನ ಕಾಯ್ದೆಗೂ ಬೇಕೆ ಎಂಬುದು ಶಾಸನಸಭೆ ಯೋಚಿಸಬೇಕಾದ ವಿಷಯ. ಅಲ್ಲಿಯವರೆಗೆ ಈ ವಿದ್ಯೆಯನ್ನು ಕಲಿಯಬಯಸುವವರಿಗೆ ಐಗಳಿಯ ಅಡುಗೆಮನೆಯಲ್ಲಿ ಯಾವ ಅಡ್ಡಿಯೂ ಇಲ್ಲ. ಸ್ವಚ್ಛ ಗಡಿಗೆ, ಹದವಾದ ಬೆಚ್ಚಗೆ, ಕಾಯುವ ತಾಳ್ಮೆ, ಮತ್ತು ಎಲ್ಲಿ ನಿಲ್ಲಿಸಬೇಕೆಂಬ ತಿಳಿವಳಿಕೆ: ಅಂಬಲಿ ಮಾಡುವ ತಾಯಂದಿರಿಗೆ ಈ ನಾಲ್ಕೂ ಗೊತ್ತು.