ಶಾಲೆಯ ಬಿಸಿಯೂಟ: ಮಕ್ಕಳ ಹಕ್ಕು, ನಮ್ಮ ಹೊಣೆ
(ಜುಮಾ ಖುತ್ಬಾದ ಸಾರಾಂಶ)

ಸಹೋದರರೇ, ಶಾಲೆಗಳು ಆರಂಭವಾಗಿ ಒಂದು ತಿಂಗಳು ಕಳೆಯಿತು. ಸಾಮಾನ್ಯವಾಗಿ ಈ ದಿನಗಳಲ್ಲಿ ನಾವು ಮಕ್ಕಳ ಕಲಿಕೆ, ಶಿಸ್ತು, ಮೊಬೈಲ್ ಚಟದ ಕುರಿತು ಮಾತನಾಡುತ್ತೇವೆ. ಇಂದು ಅವರ ಮಧ್ಯಾಹ್ನದ ಊಟದ ಕುರಿತು ಮಾತನಾಡುತ್ತೇವೆ. ಮಿಂಬರ್‌ನಲ್ಲಿ ಅನ್ನ ಸಾಂಬಾರಿನ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ನಮಾಝಿನಲ್ಲಿ ಮಾಊನ್ ಅಧ್ಯಾಯವನ್ನು ಪದೇ ಪದೇ ಓದುವವರಿಗೆ ಹಸಿದವರ ಅನ್ನದ ಮಾತು ಹೊಸದಾಗಬಾರದು.

ಇತ್ತೀಚೆಗೆ ಸಮೀಪದ ಸರಕಾರಿ ಶಾಲೆಯ ಟೀಚರೊಬ್ಬರು ನಮ್ಮನ್ನು ಕಂಡು ಒಂದು ವಿಷಯ ಹೇಳಿದರು. ಐದನೇ ತರಗತಿಯ ಹುಡುಗಿಯೊಬ್ಬಳು ಊಟದ ಬೆಲ್ ಹೊಡೆದ ಕೂಡಲೇ ನೀರಿನ ಬಾಟಲಿ ಹಿಡಿದು ನಳ್ಳಿಯ ಕಡೆಗೆ ಹೋಗುತ್ತಾಳೆ. ಎಲ್ಲರ ಊಟ ಮುಗಿದ ಮೇಲೆ ಬರುತ್ತಾಳೆ. ಕೇಳಿದರೆ, ಮನೆಯಲ್ಲಿ ಬೇಡ ಅಂದಿದ್ದಾರೆ ಎನ್ನುತ್ತಾಳೆ. ನಾವು ಅವಳ ಮನೆಗೆ ಹೋದೆವು. ತಾಯಿ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ತಂದೆ ಗಲ್ಫ್‌ನ ಕೆಲಸ ಹೋಗಿ ಊರಿಗೆ ಮರಳಿದವರು. ಬೆಳಿಗ್ಗೆ ಮಗು ಚಾ ಮತ್ತು ಎರಡು ರಸ್ಕ್ ತಿಂದು ಹೋಗುತ್ತದೆ, ಅನ್ನ ಕಾಣುವುದು ಸಂಜೆ ನಾಲ್ಕೂವರೆಗೆ.

"ಉಸ್ತಾದ್, ನಾವು ಅಷ್ಟು ಗತಿಗೆಟ್ಟವರಲ್ಲ. ಇವಳು ಪುಕ್ಕಟೆ ಅನ್ನಕ್ಕೆ ತಟ್ಟೆ ಹಿಡಿದು ನಿಂತರೆ ನಾಳೆ ಇವಳ ಅಕ್ಕನಿಗೆ ಸಂಬಂಧ ಬರುತ್ತದೆಯಾ?" ಎಂದು ಆ ತಾಯಿ ಕೇಳಿದರು.

ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಯಾಕೆಂದರೆ ಆ ಮಾತನ್ನು ಅವರ ಬಾಯಿಗೆ ಹಾಕಿದವರು ನಾವೇ. ಶಾಲೆಯ ಊಟವನ್ನು "ಬಡವರ ಊಟ" ಎಂದು ನಮ್ಮ ಮನೆಗಳಲ್ಲಿ, ಮದುವೆ ಹಾಲ್‌ಗಳಲ್ಲಿ ಎಷ್ಟು ಸಲ ಆಡಿಕೊಂಡಿಲ್ಲ? (ಆ ತಾಯಿಯ ಒಪ್ಪಿಗೆ ಪಡೆದೇ ಇದನ್ನು ಇಲ್ಲಿ ಹೇಳುತ್ತಿದ್ದೇವೆ.)

ಬಿಸಿಯೂಟ ಯಾರ ಸದಕಾವೂ ಅಲ್ಲ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್, ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೆ ಬೇಯಿಸಿದ ಊಟ ಕೊಡಲೇಬೇಕೆಂದು ಆದೇಶಿಸಿತು. ನಮ್ಮ ರಾಜ್ಯದ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಶುರುವಾಗಿ 2003ರಲ್ಲಿ ಉಳಿದ ಜಿಲ್ಲೆಗಳಿಗೂ ಬಂತು. 2013ರ ಆಹಾರ ಭದ್ರತಾ ಕಾಯ್ದೆ ಇದನ್ನು ಎಂಟನೇ ತರಗತಿಯವರೆಗಿನ ಮಕ್ಕಳ ಹಕ್ಕಾಗಿ ಬರೆದಿಟ್ಟಿತು. ಒಂಬತ್ತು, ಹತ್ತನೇ ತರಗತಿಗೆ ರಾಜ್ಯ ಸರಕಾರ ತನ್ನ ಹಣದಿಂದ ಕೊಡುತ್ತದೆ. ಇದಕ್ಕೆ ರೇಷನ್ ಕಾರ್ಡ್ ಬೇಡ, ಆದಾಯ ಪ್ರಮಾಣಪತ್ರ ಬೇಡ. ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಸಾಕು. ಮೇಷ್ಟ್ರ ಮಗ, ಅಂಗಡಿಯವರ ಮಗಳು, ಕೂಲಿಯವನ ಮಗ ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಮಸೀದಿಯ ಸಫ್‌ನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವ ನಮಗೆ ಆ ಸಾಲಿನ ಬಗ್ಗೆ ನಾಚಿಕೆ ಹೇಗೆ ಬಂತು?

ನಮ್ಮವರು ಕೆಲವರು ಅಮೆರಿಕದಲ್ಲಿದ್ದಾರೆ. ಅಲ್ಲಿ ಮನೆಯ ಆದಾಯ ಸರಕಾರ ನಿಗದಿ ಮಾಡಿದ ಬಡತನ ರೇಖೆಯ ಶೇ. 130ರೊಳಗಿದ್ದರೆ ಶಾಲೆಯ ಊಟ ಉಚಿತ, 130ರಿಂದ 185ರ ನಡುವೆ ಇದ್ದರೆ ರಿಯಾಯಿತಿ ದರ, ಅದಕ್ಕೂ ಮೇಲಿದ್ದರೆ ಪೂರ್ತಿ ಹಣ. ಹಲವು ಶಾಲೆಗಳಲ್ಲಿ ಅದಕ್ಕಾಗಿ ತಂದೆ ತಾಯಿ ಆದಾಯ ಬರೆದು ಅರ್ಜಿ ತುಂಬಬೇಕು. ಕ್ಯಾಲಿಫೋರ್ನಿಯಾದಂತಹ ರಾಜ್ಯಗಳು 2022ರಿಂದ ಎಲ್ಲ ಮಕ್ಕಳಿಗೂ ಉಚಿತವೆಂದು ಮಾಡಿದವು. ಅಷ್ಟು ಶ್ರೀಮಂತ ದೇಶ ತಡವಾಗಿ, ಅದೂ ಅಲ್ಲಲ್ಲಿ ಮಾತ್ರ ತಲುಪಿದ ಜಾಗದಲ್ಲಿ ನಮ್ಮ ಸರಕಾರಿ ಶಾಲೆ ಇಪ್ಪತ್ತು ವರ್ಷಗಳಿಂದ ಇದೆ.

ಊಟದಲ್ಲಿ ಏನಿರಬೇಕು ಎಂಬುದೂ ಲೆಕ್ಕದಲ್ಲಿದೆ. ಐದನೇ ತರಗತಿವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟರವರಿಗೆ 150, 30, 75 ಗ್ರಾಂ. 2013ರಿಂದ ಕ್ಷೀರಭಾಗ್ಯದ ಹಾಲು ಇದೆ. ಮೊದಲು ಕಲ್ಯಾಣ ಕರ್ನಾಟಕದಲ್ಲಿ ಬಂದ ಮೊಟ್ಟೆ ಆಮೇಲೆ ಎಲ್ಲ ಜಿಲ್ಲೆಗೂ ಬಂತು, 2024ರ ಸೆಪ್ಟೆಂಬರ್‌ನಿಂದ ಅಝೀಮ್ ಪ್ರೇಮ್‌ಜಿ ಫೌಂಡೇಶನ್‌ನ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಕೆಲವರು ಹಲಾಲ್ ವಿಷಯ ಎತ್ತುತ್ತಾರೆ. ಅಲ್ಲಿ ಮಾಂಸವೇ ಬೇಯುವುದಿಲ್ಲ, ಅನ್ನ, ಬೇಳೆ, ಸೊಪ್ಪು, ಮೊಟ್ಟೆಯಲ್ಲಿ ಸಂಶಯಕ್ಕೆ ಜಾಗವೆಲ್ಲಿದೆ? ಇನ್ನೊಂದು ಮಾತನ್ನು ಮನೆಯಲ್ಲಿ ಮಕ್ಕಳಿಗೆ ಹೇಳಿ: ಪಕ್ಕದ ಮಗು ಬಾಳೆಹಣ್ಣು ತೆಗೆದುಕೊಂಡರೆ ನಮ್ಮ ಮಗು ಅದನ್ನು ಗೇಲಿ ಮಾಡಬಾರದು. ನಮ್ಮ ತಟ್ಟೆಗೆ ನಾವು ಬಯಸುವ ಗೌರವ ಅವರ ತಟ್ಟೆಗೂ ಸಲ್ಲಬೇಕು.

ಊಟ ಎಲ್ಲ ದಿನವೂ ಚೆನ್ನಾಗಿರುತ್ತದೆಯೇ ಎಂದು ಕೇಳಿದರೆ, ಇಲ್ಲ. ಕೆಲವು ದಿನ ಸಾಂಬಾರಿನಲ್ಲಿ ಬೇಳೆ ಹುಡುಕಬೇಕು. 2025ರ ಮೇ ತಿಂಗಳಿನಿಂದ ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಗ್ಯಾಸ್ ಎಲ್ಲ ಸೇರಿ ಕೇಂದ್ರ ನಿಗದಿ ಮಾಡಿದ ಮೊತ್ತ ಚಿಕ್ಕ ಮಕ್ಕಳಿಗೆ ತಲಾ 6 ರೂಪಾಯಿ 78 ಪೈಸೆ. ಹೋಟೆಲಿನ ಒಂದು ಚಾಕ್ಕೂ ಸಾಲದ ಹಣ. ಅಡುಗೆಯವರು ನಮ್ಮ ಬೀದಿಯ ಹೆಂಗಸರೇ. ಅವರಿಗೆ ಕೇಂದ್ರದ ಲೆಕ್ಕದ ಗೌರವಧನ 2009ರಿಂದಲೂ ತಿಂಗಳಿಗೆ 1,000 ರೂಪಾಯಿ, ಮೇಲಿನದ್ದನ್ನು ರಾಜ್ಯ ಸೇರಿಸುತ್ತದೆ. ಅನ್ನ ಮುದ್ದೆಯಾಯಿತೆಂದು ಅವರ ಮೇಲೆ ಹರಿಹಾಯುವ ಮೊದಲು ಇದನ್ನೂ ನೆನಪಿಡಿ.

ತಪ್ಪು ನಮ್ಮ ಕಡೆಯೂ ಇದೆ, ಮುಚ್ಚಿಡುವುದಿಲ್ಲ. ನಿಯಮದ ಪ್ರಕಾರ ಬಡಿಸುವ ಮೊದಲು ಶಿಕ್ಷಕರೊಬ್ಬರೂ ಸೇರಿ ಎರಡು ಮೂರು ಮಂದಿ ದೊಡ್ಡವರು ರುಚಿ ನೋಡಬೇಕು. ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ನಮ್ಮ ಜಮಾಅತ್‌ನ ಇಬ್ಬರು ಎಸ್‌ಡಿಎಂಸಿಯಲ್ಲಿದ್ದಾರೆ. ಕಳೆದ ವರ್ಷವಿಡೀ ಸಭೆಯ ಪುಸ್ತಕ ಮನೆಗೇ ಬರುತ್ತಿತ್ತು, ಅಲ್ಲೇ ಸಹಿ ಹಾಕಿ ಕಳಿಸುತ್ತಿದ್ದೆವು. ಅಡುಗೆ ಕೋಣೆಯ ಹೊಸ್ತಿಲು ಒಮ್ಮೆಯೂ ತುಳಿಯಲಿಲ್ಲ. ಅಕ್ಕಿ ಬಾರದೆ, ಗ್ಯಾಸ್ ಮುಗಿದು ಊಟ ನಿಂತ ದಿನಗಳಿಗೆ ಅಕ್ಕಿ ಮತ್ತು ಅಡುಗೆ ವೆಚ್ಚವನ್ನು ಮುಂದಿನ ತಿಂಗಳ 15ರೊಳಗೆ ಭತ್ಯೆಯಾಗಿ ಮಕ್ಕಳಿಗೆ ಕೊಡಬೇಕೆಂದು 2015ರ ನಿಯಮವಿದೆ. ನಾವು ಕೇಳಲಿಲ್ಲ. ಕೇಳಬಹುದೆಂದೇ ನಮಗೆ ಗೊತ್ತಿರಲಿಲ್ಲ.

ಸಮಗ್ರ ಶಿಕ್ಷಾ ಅಭಿಯಾನದ ನೆರವು ಪಡೆಯುವ ಮದ್ರಸಗಳ ಮಕ್ಕಳೂ ಈ ಯೋಜನೆಗೆ ಸೇರುತ್ತಾರೆ. ಅನುದಾನವಿಲ್ಲದ ಖಾಸಗಿ ಶಾಲೆಗಳು ಸೇರುವುದಿಲ್ಲ. ನಮ್ಮ ಸಮುದಾಯ ನಡೆಸುವ ಇಂಗ್ಲಿಷ್ ಮೀಡಿಯಂ ಶಾಲೆಗಳು ಹೆಚ್ಚಾಗಿ ಇಂಥವೇ. ಅಲ್ಲಿಯೂ ಫೀಸು ಕಟ್ಟಿ ಸುಸ್ತಾದ ಮನೆಯ ಮಕ್ಕಳು ಖಾಲಿ ಟಿಫಿನ್ ಹಿಡಿದು ಬರುತ್ತಾರೆ. ಆಡಳಿತ ಮಂಡಳಿಯವರು ಇಲ್ಲಿ ಕುಳಿತಿದ್ದೀರಿ. ಕಟ್ಟಡದ ಮೂರನೇ ಮಹಡಿಗೆ ಹಣ ಎತ್ತುವ ಮೊದಲು ಮಧ್ಯಾಹ್ನ ಒಂದು ಗಂಟೆಗೆ ತರಗತಿಗಳಲ್ಲಿ ಒಮ್ಮೆ ಸುತ್ತಿ ಬನ್ನಿ.

ಆ ಹುಡುಗಿ ಈಗ ಊಟಕ್ಕೆ ಕೂರುತ್ತಿದ್ದಾಳೆ. ತಾಯಿ ಕಳೆದ ವಾರ ಶಾಲೆಗೆ ಹೋಗಿ ರುಚಿ ನೋಡಿ, ಹುಳಿ ಜಾಸ್ತಿಯಾಯಿತು ಎಂದು ಅಡುಗೆಯವರಿಗೆ ಹೇಳಿ ಬಂದರಂತೆ. ತಂದೆ ಇನ್ನೂ ಒಪ್ಪಿಲ್ಲ, ನಮ್ಮೊಡನೆ ಮಾತನ್ನೂ ಕಡಿಮೆ ಮಾಡಿದ್ದಾರೆ. ನಾವು ಮತ್ತೆ ಹೋಗುತ್ತೇವೆ.

ಬರುವ ಸೋಮವಾರದಿಂದ ಶಾಲೆ ಇರುವ ಎಲ್ಲ ದಿನ ಇಬ್ಬರಂತೆ ಸರದಿಯಲ್ಲಿ ರುಚಿ ನೋಡಲು ಹೋಗುವುದೆಂದು ಜಮಾಅತ್ ಕಮಿಟಿ ತೀರ್ಮಾನಿಸಿದೆ, ಮುಖ್ಯ ಶಿಕ್ಷಕರೂ ಒಪ್ಪಿದ್ದಾರೆ. ತಾಯಂದಿರ ಹೆಸರುಗಳು ಹೆಚ್ಚು ಬೇಕಾಗಿವೆ. ನಮಾಝ್ ಮುಗಿದ ಮೇಲೆ ಕಚೇರಿಯಲ್ಲಿ ಪುಸ್ತಕ ಇಟ್ಟಿರುತ್ತೇವೆ, ಮನೆಯವರನ್ನು ಕೇಳಿ ಬರೆಸಿ ಹೋಗಿ.